ಹತ್ತು ಜನರ ಅಂಗಡಿ, ಮೂರು ಜನರ ಅಂಗಡಿ: ಆರೋಗ್ಯ ರಕ್ಷಣೆಗೆ ಯಾವ ದಾರಿ?

ಮಂಗಳೂರಿನ ಯೆಯ್ಯಾಡಿ, ಬೈಕಂಪಾಡಿಯ ಸಣ್ಣ ಕಾರ್ಖಾನೆಗಳಾಗಲಿ, ಉಡುಪಿ ರಥಬೀದಿಯ ಸುತ್ತಲಿನ ಹೋಟೆಲುಗಳಾಗಲಿ, ಮಾಲೀಕರ ಪ್ರಶ್ನೆ ಹೆಚ್ಚಾಗಿ ಒಂದೇ ಇರುತ್ತದೆ: ಕೆಲಸದವರಿಗೆ ಯಾವ ಇನ್ಶೂರೆನ್ಸ್ ಮಾಡಿಸುವುದು? ಸಣ್ಣ ಅಂಗಡಿಗಳ ಲೆಕ್ಕಪತ್ರ ನೋಡಿಕೊಳ್ಳುವ ನನ್ನ ಮುಂದೆ ಈ ಪ್ರಶ್ನೆ ಬಂದಾಗಲೆಲ್ಲ ನಾನು ಇನ್ನೊಂದನ್ನು ಕೇಳುತ್ತೇನೆ. ನಿಮ್ಮ ಅಡುಗೆಮನೆಯ ಹುಡುಗ ಡೆಂಗಿಯಿಂದ ಇಪ್ಪತ್ತು ದಿನ ಮಲಗಿದರೆ ಆಸ್ಪತ್ರೆಯ ಬಿಲ್ಲನ್ನು ಹೇಗೋ ಕಟ್ಟಬಹುದು. ಆ ಇಪ್ಪತ್ತು ದಿನಗಳ ಸಂಬಳ ಎಲ್ಲಿಂದ ಬರುತ್ತದೆ?

ಪಾಲಿಸಿ ಮಾರುವವರು ಈ ಎರಡನೆಯ ಪ್ರಶ್ನೆಯನ್ನು ಎತ್ತುವುದೇ ಇಲ್ಲ. ತಿಂಗಳ ಸಂಬಳವನ್ನೇ ನಂಬಿರುವ ಮನೆಯನ್ನು ಕಾಯಿಲೆ ಮುರಿಯುವುದು ಮುಖ್ಯವಾಗಿ ನಿಂತುಹೋದ ಸಂಬಳದಿಂದ. ಸಾಲ ಹುಟ್ಟುವುದು ಆ ದಿನಗಳಲ್ಲಿ. ಹಾಗಾಗಿ ಆಯ್ಕೆಗಳನ್ನು ಹೋಲಿಸುವಾಗ ನಾಲ್ಕು ಖರ್ಚುಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕು: ಆಸ್ಪತ್ರೆಗೆ ದಾಖಲಾದಾಗಿನ ಖರ್ಚು, ಸಣ್ಣಪುಟ್ಟ ಜ್ವರ ಹಾಗೂ ಔಷಧದ ಖರ್ಚು, ಮಲಗಿದ ದಿನಗಳ ಸಂಬಳ, ಕೆಲಸದ ಜಾಗದಲ್ಲಿ ಆಗುವ ಅಪಘಾತದ ಹೊಣೆ. ಒಂದೇ ಯೋಜನೆ ಈ ನಾಲ್ಕನ್ನೂ ಹೊರುವುದು ಅಪರೂಪ. ಹೊರುವ ಒಂದು ಯೋಜನೆಯನ್ನು ನಮ್ಮ ಅನೇಕ ಮಾಲೀಕರು ತಲೆನೋವು ಎಂದು ದೂರ ಇಟ್ಟಿದ್ದಾರೆ. ಮೊದಲು ಅದನ್ನೇ ನೋಡೋಣ.

ಇಎಸ್‌ಐ: ಬೈಗುಳಕ್ಕಿಂತ ಹೆಚ್ಚು ಬೆಲೆಯುಳ್ಳದ್ದು

1948ರ ಕಾಯ್ದೆಯಿಂದ ಬಂದ ಕಾರ್ಮಿಕರ ರಾಜ್ಯ ವಿಮೆ (ಇಎಸ್‌ಐ) ಹತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಕಡ್ಡಾಯ. ಈ ಎಣಿಕೆಯಲ್ಲಿ ದಿನಗೂಲಿಯವರು, ಗುತ್ತಿಗೆಯವರೂ ಸೇರುತ್ತಾರೆ. ಒಮ್ಮೆ ವ್ಯಾಪ್ತಿಗೆ ಬಂದ ಮೇಲೆ ಜನ ಎಂಟಕ್ಕೆ ಇಳಿದರೂ ಹೊರಬರುವಂತಿಲ್ಲ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳ ಇರುವವರು ಇದರೊಳಗೆ ಬರುತ್ತಾರೆ. ಅಂಗವಿಕಲರಿಗೆ ಈ ಮಿತಿ 25,000. ವಂತಿಗೆಯಲ್ಲಿ ಮಾಲೀಕರ ಪಾಲು ಸಂಬಳದ ಶೇ 3.25, ಕೆಲಸಗಾರರ ಪಾಲು ಶೇ 0.75. 2019ರ ಜುಲೈಗೆ ಮೊದಲು ಇವು ಶೇ 4.75 ಮತ್ತು ಶೇ 1.75 ಇದ್ದವು. ಹಳೆಯ ದರವನ್ನೇ ಮನಸ್ಸಿನಲ್ಲಿಟ್ಟುಕೊಂಡು ದುಬಾರಿ ಎನ್ನುವವರು ಇಂದಿಗೂ ಇದ್ದಾರೆ.

ಲೆಕ್ಕ ಹಾಕಿ ನೋಡಿ. 16,000 ರೂಪಾಯಿ ಸಂಬಳದ ಒಬ್ಬರಿಗೆ ನೀವು ತಿಂಗಳಿಗೆ 520 ರೂಪಾಯಿ ಕಟ್ಟುತ್ತೀರಿ, ಅವರ ಸಂಬಳದಿಂದ 120 ಹೋಗುತ್ತದೆ. ಹನ್ನೆರಡು ಜನರಿದ್ದರೆ ನಿಮ್ಮ ಪಾಲು 6,240. ಇದಕ್ಕೆ ಪ್ರತಿಯಾಗಿ ಕೆಲಸಗಾರರಿಗೆ, ಅವರ ಹೆಂಡತಿ ಅಥವಾ ಗಂಡ, ಮಕ್ಕಳು, ಅವಲಂಬಿತ ತಂದೆತಾಯಿಗಳಿಗೆ ಚಿಕಿತ್ಸೆ. ಇಷ್ಟೇ ಲಕ್ಷ ಎಂಬ ಮೇಲ್ಮಿತಿ ಇಲ್ಲ. ಹೊರರೋಗಿ ಚಿಕಿತ್ಸೆ, ಔಷಧ ಎಲ್ಲವೂ ಒಳಗೆ. ಮೊದಲೇ ಇದ್ದ ಸಕ್ಕರೆ ಕಾಯಿಲೆ, ಹರ್ನಿಯಾ ಎಂದು ಹೊರಗಿಡುವುದೂ ಇಲ್ಲ. ಮಾರುಕಟ್ಟೆಯ ಯಾವ ಖಾಸಗಿ ಪಾಲಿಸಿಯೂ ಈ ದರಕ್ಕೆ ಇಷ್ಟನ್ನು ಕೊಡುವುದಿಲ್ಲ.

ಇನ್ನು ಸಂಬಳದ ಮಾತು. ಕಾಯಿಲೆ ಬಿದ್ದರೆ ದಿನದ ಸರಾಸರಿ ಕೂಲಿಯ ಶೇ 70ರಂತೆ ವರ್ಷಕ್ಕೆ 91 ದಿನಗಳವರೆಗೆ ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಅದಕ್ಕೆ ಸಂಬಂಧಪಟ್ಟ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ಕಾಯಿಲೆಯ ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಹಣವಿಲ್ಲ. ಕ್ಷಯ, ಕ್ಯಾನ್ಸರ್‌ನಂಥ ದೀರ್ಘಕಾಲದ ರೋಗಗಳಿಗೆ ಶೇ 80ರಂತೆ ಎರಡು ವರ್ಷದವರೆಗೂ ವಿಸ್ತರಿಸುವ ಅವಕಾಶವಿದೆ. ಹೆರಿಗೆಗೆ 26 ವಾರ ಪೂರ್ತಿ ಕೂಲಿ. ಕೆಲಸದ ವೇಳೆ ಗಾಯವಾಗಿ ದುಡಿಯಲಾಗದಿದ್ದರೆ ಶೇ 90. ಗೇರುಬೀಜ ಕಾರ್ಖಾನೆಗಳಲ್ಲಿ, ಬಟ್ಟೆ ಅಂಗಡಿಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹೆಣ್ಣುಮಕ್ಕಳಿಗೆ ಆ 26 ವಾರಗಳ ಬೆಲೆ ಎಷ್ಟೆಂಬುದನ್ನು ಅವರನ್ನೇ ಕೇಳಬೇಕು.

ದೂರುಗಳಿಲ್ಲವೆಂದಲ್ಲ. ಡಿಸ್ಪೆನ್ಸರಿಯ ಸಮಯ ಅಂಗಡಿಯ ಸಮಯಕ್ಕೆ ಹೊಂದುವುದಿಲ್ಲ, ರೆಫರಲ್ ಚೀಟಿಗೆ ಓಡಾಡಬೇಕು, ಕೆಲವು ಔಷಧಗಳಿಗೆ ಕಾಯಬೇಕು ಎಂದು ಕೆಲಸಗಾರರು ಹೇಳುತ್ತಾರೆ. ಮಂಗಳೂರಿನವರಿಗೆ ಕದ್ರಿಯ ಶಿವಬಾಗ್‌ನಲ್ಲಿ ಇಎಸ್‌ಐ ಆಸ್ಪತ್ರೆಯೇ ಇದೆ. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು ತಮ್ಮ ಡಿಸ್ಪೆನ್ಸರಿ ಯಾವುದು, ಒಪ್ಪಂದದ ಖಾಸಗಿ ಆಸ್ಪತ್ರೆ ಯಾವುದು ಎಂಬುದನ್ನು ನೋಂದಣಿಯ ದಿನವೇ ತಿಳಿದುಕೊಳ್ಳಬೇಕು. ಈ ತೊಂದರೆಯಲ್ಲಿ ಅರ್ಧವನ್ನು ಮಾಲೀಕರೇ ಕಡಿಮೆ ಮಾಡಬಹುದು. ಕೆಲಸಗಾರರ ಆಧಾರ್, ಬ್ಯಾಂಕ್ ಖಾತೆ, ಕುಟುಂಬದವರ ಹೆಸರುಗಳನ್ನು ಸರಿಯಾಗಿ ಸೇರಿಸಿ, ಐಪಿ ನಂಬರಿನ (ಇಎಸ್‌ಐ ಸದಸ್ಯತ್ವದ ಸಂಖ್ಯೆ) ಪ್ರತಿಯನ್ನು ಅವರ ಕೈಗೆ ಕೊಟ್ಟರೆ ಆಸ್ಪತ್ರೆಯ ಕಿಟಕಿಯಲ್ಲಿ ಅಲೆದಾಟ ತಪ್ಪುತ್ತದೆ. ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟುವುದೂ ಅಷ್ಟೇ ಮುಖ್ಯ. ಸಂಬಳದಿಂದ ಹಿಡಿದ ಹಣವನ್ನು ಕಟ್ಟದೆ ಇಟ್ಟುಕೊಳ್ಳುವುದು ಶಿಕ್ಷಾರ್ಹ ಅಪರಾಧ. ಅದಕ್ಕಿಂತ ಮಿಗಿಲಾಗಿ ಅದು ರೋಗಿಯ ಹಾಸಿಗೆಯ ಪಕ್ಕದಲ್ಲಿ ಬಯಲಾಗುವ ಮೋಸ.

ಹತ್ತಕ್ಕಿಂತ ಕಡಿಮೆ ಜನರಿದ್ದರೆ? 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, ಮಾಲೀಕರೂ ಹೆಚ್ಚಿನ ಕೆಲಸಗಾರರೂ ಒಪ್ಪಿದರೆ ಸಣ್ಣ ಸಂಸ್ಥೆಯೂ ತಾನಾಗಿ ಇಎಸ್‌ಐಗೆ ಸೇರಬಹುದು. ಆರೇಳು ಜನರಿರುವ ಗ್ಯಾರೇಜು, ಬೇಕರಿ, ಮುದ್ರಣಾಲಯಗಳು ಈ ಬಾಗಿಲನ್ನು ಖಂಡಿತ ಪರಿಶೀಲಿಸಬೇಕು. ಕೆಲಸದವರನ್ನು ಒಂಬತ್ತಕ್ಕೇ ನಿಲ್ಲಿಸಿ ಇಎಸ್‌ಐ ತಪ್ಪಿಸಿಕೊಂಡೆವು ಎಂದು ಸಮಾಧಾನಪಡುವವರು ಅಪಘಾತದ ಹೊಣೆ ಏನೆಂಬುದನ್ನು ಮುಂದೆ ಓದಬೇಕು.

ಅಪಘಾತದ ಹೊಣೆ ಯಾರ ಮೇಲೆ?

ಇಎಸ್‌ಐ ವ್ಯಾಪ್ತಿಯಲ್ಲಿರುವ ಕೆಲಸಗಾರರಿಗೆ ಕೆಲಸದ ಜಾಗದಲ್ಲಿ ಅಪಘಾತವಾದರೆ ಪರಿಹಾರದ ಭಾರ ಇಎಸ್‌ಐ ನಿಗಮದ್ದು. ಇಎಸ್‌ಐ ಇಲ್ಲದಿದ್ದರೆ ಅದು ಮಾಲೀಕರ ಹೆಗಲಿಗೆ ಬರುತ್ತದೆ. 1923ರ ಪರಿಹಾರ ಕಾಯ್ದೆಯಿಂದ ಬಂದ ಈ ಹೊಣೆಯನ್ನು ಹೊಸ ಸಂಹಿತೆಯೂ ಮುಂದುವರಿಸಿದೆ. ಕೆಲಸದಲ್ಲಿ ಸಾವು ಸಂಭವಿಸಿದರೆ ತಿಂಗಳ ಸಂಬಳದ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕದಿಂದ ಗುಣಿಸುತ್ತಾರೆ. ಮೂವತ್ತು ವರ್ಷದವರಿಗೆ ಆ ಅಂಕ 207.98. ಸಂಬಳ 15,000 ಎಂದಿಟ್ಟುಕೊಂಡರೆ ಮೊತ್ತ 15,59,850 ರೂಪಾಯಿ. ಪೂರ್ಣ ಅಂಗವೈಕಲ್ಯವಾದರೆ ಅರ್ಧದ ಬದಲು ಶೇ 60ರ ಲೆಕ್ಕ, ಅಂದರೆ ಇನ್ನೂ ಹೆಚ್ಚು. ಮೂರು ಜನರ ವೆಲ್ಡಿಂಗ್ ಅಂಗಡಿಯಲ್ಲಿ ಕರೆಂಟು ಹೊಡೆದು ಇಂಥದ್ದು ಸಂಭವಿಸಿದರೆ ಅಂಗಡಿಯನ್ನೇ ಮಾರಬೇಕಾದೀತು.

ಆದ್ದರಿಂದ ಇಎಸ್‌ಐ ಇಲ್ಲದ ಪ್ರತಿ ಮಾಲೀಕರೂ ಮೊದಲು ಮಾಡಿಸಬೇಕಾದದ್ದು ಆರೋಗ್ಯ ವಿಮೆಯಲ್ಲ, ಕಾರ್ಮಿಕರ ಪರಿಹಾರ ಪಾಲಿಸಿ ಎಂಬುದು ನನ್ನ ದೃಢ ಅಭಿಪ್ರಾಯ. ವರ್ಷದ ಒಟ್ಟು ಸಂಬಳ ಮತ್ತು ಕೆಲಸದ ಅಪಾಯ ನೋಡಿ ಕಂಪನಿಗಳು ಇದರ ಪ್ರೀಮಿಯಂ ನಿಗದಿ ಮಾಡುತ್ತವೆ. ಬಿಲ್ಲು ಬರೆಯುವವರಿಗೆ ಕಡಿಮೆ, ಮಾಡಿನ ಮೇಲೆ ಹತ್ತುವವರಿಗೆ ಹೆಚ್ಚು. ಪ್ರೀಮಿಯಂ ಉಳಿಸಲು ಸಂಬಳವನ್ನು ಕಡಿಮೆ ತೋರಿಸಿದರೆ ಕ್ಲೇಮ್ ಕೂಡ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಇದರ ಜೊತೆಗೆ, ಇದರ ಬದಲಿಗೆ ಅಲ್ಲ, ಬ್ಯಾಂಕಿನ ಎರಡು ಸಣ್ಣ ಯೋಜನೆಗಳಿವೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ 18ರಿಂದ 70 ವರ್ಷದವರಿಗೆ ಅಪಘಾತದ ಸಾವಿಗೆ ಎರಡು ಲಕ್ಷ ಕೊಡುತ್ತದೆ. 436 ರೂಪಾಯಿಯ ಜೀವನ್ ಜ್ಯೋತಿಗೆ 18ರಿಂದ 50 ವರ್ಷದವರು ಸೇರಬಹುದು. ಯಾವ ಕಾರಣದ ಸಾವಿಗೂ ಎರಡು ಲಕ್ಷ. ಎರಡೂ ಸೇರಿ ತಲೆಗೆ 456 ರೂಪಾಯಿ. ಕೆಲಸದವರ ಪರವಾಗಿ ಇದನ್ನು ಮಾಲೀಕರೇ ಭರಿಸಲು ಹಿಂಜರಿಯಬೇಕಾದ್ದೇ ಇಲ್ಲ.

ಸರ್ಕಾರದ ಕಾರ್ಡು ಮತ್ತು ಸಹಕಾರ ಸಂಘದ ಯೋಜನೆ

ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಇಲ್ಲಿಯೇ ಬಹಳ ಮಂದಿ ಮುಗ್ಗರಿಸುತ್ತಾರೆ. ತಮ್ಮಲ್ಲೂ ಆಯುಷ್ಮಾನ್ ಕಾರ್ಡ್ ಇದೆ ಎಂದು ನೆಮ್ಮದಿಯಾಗಿರುವ ಅಂಗಡಿಯವರಲ್ಲಿ ಹಲವರು ಎಪಿಎಲ್. ಬೈಪಾಸ್‌ನ ಹೊತ್ತಿಗೆ ಬಿಲ್ಲಿನ ಹೆಚ್ಚಿನ ಭಾಗ ತಮ್ಮ ಮೇಲೆಯೇ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಇನ್ನೊಂದು ಮುಗ್ಗರಿಕೆ ರೆಫರಲ್‌ನದು. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು: ಮಂಗಳೂರಿನಲ್ಲಿ ವೆನ್‌ಲಾಕ್, ಹೆರಿಗೆಗೆ ಲೇಡಿ ಗೋಷನ್, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಅಲ್ಲಿ ಆಗದ ಚಿಕಿತ್ಸೆಗೆ ಅವರು ಚೀಟಿ ಕೊಟ್ಟ ಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆ. ಸುತ್ತಮುತ್ತ ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವುದು ನಮ್ಮ ಎರಡೂ ಜಿಲ್ಲೆಗಳ ಭಾಗ್ಯ. ಚೀಟಿ ಕೈಯಲ್ಲಿದ್ದರೆ ಬೇರೆ ಊರಿಗೆ ಅಲೆಯಬೇಕಾದ ಸಂದರ್ಭ ಕಡಿಮೆ. ಆಸ್ಪತ್ರೆಯಲ್ಲಿ ಕಾಣಬೇಕಾದವರು ಈ ಯೋಜನೆಯ ಕೆಲಸ ನೋಡಿಕೊಳ್ಳುವ ‘ಆರೋಗ್ಯಮಿತ್ರ’. ನೇರವಾಗಿ ದಾಖಲಾಗಿ, ಮುಂಗಡ ಕಟ್ಟಿ, ಮೂರನೆಯ ದಿನ ಕಾರ್ಡು ತೋರಿಸಿದರೆ ಕೆಲಸ ಕೆಡುತ್ತದೆ. ಸಾಮಾನ್ಯ ಹೊರರೋಗಿ ಖರ್ಚು ಈ ಯೋಜನೆಯಲ್ಲಿ ಖಾಸಗಿ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ನಿಂತ ಸಂಬಳಕ್ಕೂ ಇದರಲ್ಲಿ ಪರಿಹಾರವಿಲ್ಲ.

ಬಿಹಾರ, ಜಾರ್ಖಂಡ್, ಉತ್ತರ ಪ್ರದೇಶದಿಂದ ಬಂದು ನಮ್ಮ ಹೋಟೆಲು, ಕಟ್ಟಡ, ಮೀನು ಕಾರ್ಖಾನೆಗಳಲ್ಲಿ ದುಡಿಯುವವರಿಗೆ ತಮ್ಮ ಊರಿನ ಆಯುಷ್ಮಾನ್ ಕಾರ್ಡ್ ಇದ್ದರೆ ಅದು ಇಲ್ಲಿನ ನೋಂದಾಯಿತ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಆಧಾರ್ ಪ್ರತಿ ಕೇಳುವ ನಾವು ಆ ಕಾರ್ಡನ್ನೂ ಕೇಳಬೇಕು. ಭಾಷೆ ಬಾರದ ಊರಿನಲ್ಲಿ ಜ್ವರ ಹಿಡಿದು ಮಲಗಿದವನ ಪರವಾಗಿ ಆಸ್ಪತ್ರೆಯಲ್ಲಿ ಮಾತನಾಡುವವರು ನಾವೇ ಅಲ್ಲವೇ?

ಯಶಸ್ವಿನಿಯ ದಾರಿ ಬೇರೆ. ಕಿನ್ನಿಗೋಳಿಯವರಾದ ಡಾ. ದೇವಿ ಶೆಟ್ಟಿ ಅವರ ಕಲ್ಪನೆಯಿಂದ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, ಮತ್ತೆ ಆರಂಭವಾದ ಈ ಯೋಜನೆ ಸಹಕಾರ ಸಂಘದ ಸದಸ್ಯರಿಗಾಗಿ ಇರುವುದು. ಮರಳಿ ಬಂದಾಗ ನಾಲ್ಕು ಜನರ ಕುಟುಂಬಕ್ಕೆ ಗ್ರಾಮೀಣ ಭಾಗದಲ್ಲಿ 500, ನಗರದಲ್ಲಿ 1,000 ರೂಪಾಯಿ ವಂತಿಗೆ ಇತ್ತು. ರಕ್ಷಣೆ ಐದು ಲಕ್ಷದವರೆಗೆ. ಸಂಘದ ಸದಸ್ಯರಾದ ಸಣ್ಣ ಅಂಗಡಿಯವರಿಗೂ, ಹಾಲಿನ ಸಂಘಕ್ಕೆ ಹಾಲು ಹಾಕುವ ಮನೆಯಿಂದ ಬರುವ ಕೆಲಸಗಾರರಿಗೂ ಇದು ಸುಲಭದ ಆಸರೆ. ಪಟ್ಟಿಯಲ್ಲಿರುವುದು ಹೆಚ್ಚಾಗಿ ಶಸ್ತ್ರಚಿಕಿತ್ಸೆಗಳು. ನೋಂದಣಿಗೆ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಅವಕಾಶ. ಆಗ ಬಿಟ್ಟರೆ ಮುಂದಿನ ವರ್ಷವೇ. ಸಂಬಳದ ಮಿತಿ ಹಾಗೂ ಬೇರೆ ಯೋಜನೆಯಲ್ಲಿರುವವರ ಬಗೆಗಿನ ನಿಯಮವನ್ನು ಸಂಘದ ಕಾರ್ಯದರ್ಶಿಯಿಂದ ಕೇಳಿಕೊಂಡು ಸೇರುವುದು ಲೇಸು.

ಮಲ್ಪೆ ಮತ್ತು ಮಂಗಳೂರು ದಕ್ಕೆಯ ಬೋಟುಗಳ ವಿಷಯದಲ್ಲಿ ಮೀನುಗಾರರ ಗುಂಪು ಅಪಘಾತ ವಿಮೆಯನ್ನು ಮರೆಯಬಾರದು. ಸಾವು ಅಥವಾ ಪೂರ್ಣ ಅಂಗವೈಕಲ್ಯಕ್ಕೆ ಐದು ಲಕ್ಷ, ಭಾಗಶಃ ಆದರೆ ಎರಡೂವರೆ ಲಕ್ಷ, ಆಸ್ಪತ್ರೆಗೆ 25,000. ಪ್ರೀಮಿಯಂ ಸರ್ಕಾರವೇ ಕಟ್ಟುತ್ತದೆ. ಹೆಸರು ನೋಂದಾಯಿಸುವುದಷ್ಟೇ ಕೆಲಸ.

ಗುಂಪು ಪಾಲಿಸಿಯೋ, ಮನೆಯ ಪಾಲಿಸಿಯೋ

ಸಂಬಳ 21,000 ದಾಟಿದವರು ಇಎಸ್‌ಐಗೆ ಬರುವುದಿಲ್ಲ. ಹಿರಿಯ ಮೆಕ್ಯಾನಿಕ್, ಮುಖ್ಯ ಅಡುಗೆಯವರು, ಮ್ಯಾನೇಜರ್, ಲೆಕ್ಕದವರು ಸಾಮಾನ್ಯವಾಗಿ ಹೀಗೆ ಹೊರಗುಳಿಯುತ್ತಾರೆ, ಅವರೇ ವಯಸ್ಸಿನಲ್ಲೂ ಹಿರಿಯರು. ಇಂಥವರು ಏಳೆಂಟು ಮಂದಿ ಇದ್ದರೆ ಹಲವು ಕಂಪನಿಗಳು ಗುಂಪು ಆರೋಗ್ಯ ಪಾಲಿಸಿ ಕೊಡುತ್ತವೆ.

ಗುಂಪು ಪಾಲಿಸಿಯ ದೊಡ್ಡ ಗುಣ ಕಾಯುವ ಅವಧಿಯನ್ನು ಕೈಬಿಡಿಸಬಹುದಾದದ್ದು. ವೈಯಕ್ತಿಕ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಬೇರಾವ ಕಾಯಿಲೆಗೂ ಮೊದಲ 30 ದಿನ ರಕ್ಷಣೆಯಿಲ್ಲ. ಮೇ ಕೊನೆಯಲ್ಲಿ ಪಾಲಿಸಿ ಮಾಡಿಸಿ ಜೂನ್ ಮಳೆಗೆ ಮಲೇರಿಯಾವೋ ಇಲಿಜ್ವರವೋ ಬಂದರೆ ಕ್ಲೇಮ್ ಸಿಗುವುದಿಲ್ಲ. ಕರಾವಳಿಯವರು ಪಾಲಿಸಿಯನ್ನು ಏಪ್ರಿಲ್ ಒಳಗೇ ಮಾಡಿಸಬೇಕು. ಮೊದಲೇ ಇದ್ದ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಿಸಬಹುದು, 2024ರ ಏಪ್ರಿಲ್‌ಗೆ ಮೊದಲು ಇದು ನಾಲ್ಕು ವರ್ಷ ಇತ್ತು. ಹರ್ನಿಯಾ, ಕಣ್ಣಿನ ಪೊರೆಗೂ ಕಾಯಬೇಕು. ಭಾರ ಎತ್ತುವವರಿಗೆ ಹರ್ನಿಯಾ ಎಷ್ಟು ಸಾಮಾನ್ಯ ಎಂದು ಬಂದರಿನ ಗೋದಾಮುಗಳ ಮಾಲೀಕರಿಗೆ ಹೇಳಬೇಕಿಲ್ಲ. ಗುಂಪು ಪಾಲಿಸಿಯಲ್ಲಿ ಇವೆಲ್ಲವನ್ನೂ ಮೊದಲ ದಿನದಿಂದಲೇ ಸೇರಿಸುವಂತೆ ಕೇಳಿ, ಬರಹದಲ್ಲಿ ಪಡೆಯಿರಿ.

ದೋಷಗಳೂ ಇವೆ. ಕೆಲಸ ಬಿಟ್ಟವರಿಗೆ ರಕ್ಷಣೆ ಮುಗಿಯುತ್ತದೆ. ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳುವ ದಾರಿಯಿದೆ ಎಂದು ಬಿಟ್ಟುಹೋಗುವಾಗ ಅವರಿಗೆ ಯಾರೂ ಹೇಳುವುದಿಲ್ಲ, ದಯವಿಟ್ಟು ಹೇಳಿ. ತೆರಿಗೆಯ ವ್ಯತ್ಯಾಸವೂ ಇದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ, ಗುಂಪು ಪಾಲಿಸಿಗೆ ಶೇ 18 ಹಾಗೆಯೇ ಉಳಿದಿದೆ. ಆದರೂ ಸಕ್ಕರೆ, ರಕ್ತದೊತ್ತಡ ಇರುವವರು ತಂಡದಲ್ಲಿದ್ದರೆ ತೆರಿಗೆ ಕೊಟ್ಟೂ ಗುಂಪು ಪಾಲಿಸಿಯೇ ಮೇಲು.

ಎರಡರಲ್ಲೂ ನಾನು ಮೊದಲು ತೆರೆದು ನೋಡುವ ಪುಟ ಕೋಣೆಯ ಬಾಡಿಗೆಯದು. ಮೂರು ಲಕ್ಷದ ಪಾಲಿಸಿಯಲ್ಲಿ ಬಾಡಿಗೆ ಮಿತಿ ಶೇ 1 ಎಂದರೆ ದಿನಕ್ಕೆ 3,000. ನೀವು 6,000ದ ಕೋಣೆ ಹಿಡಿದರೆ ಹೆಚ್ಚುವರಿ ಬಾಡಿಗೆಯಷ್ಟೇ ಅಲ್ಲ, ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಗಳನ್ನೂ ಅರ್ಧಕ್ಕೆ ಇಳಿಸಬಹುದು. ಔಷಧ, ಇಂಪ್ಲಾಂಟ್, ಲ್ಯಾಬ್ ಖರ್ಚಿಗೆ ಈ ಕಡಿತ ತಟ್ಟಬಾರದು ಎಂಬ ನಿಯಮವಿದೆ. ಈ ಮಿತಿಯಿಲ್ಲದ ಪಾಲಿಸಿಗೆ ಸ್ವಲ್ಪ ಹೆಚ್ಚು ಕೊಡುವುದು ವ್ಯರ್ಥವಲ್ಲ.

ಮಾಲೀಕರ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಕೆಲಸದವರಿಗೆಲ್ಲ ಇಎಸ್‌ಐ ಕಟ್ಟುವ ಮಾಲೀಕರಿಗೂ ಪಾಲುದಾರರಿಗೂ ಅದೇ ಇಎಸ್‌ಐ ಸಿಗುವುದಿಲ್ಲ. ಬಿಪಿಎಲ್ ಕಾರ್ಡೂ ಇರುವುದಿಲ್ಲ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು, ಹೊತ್ತಲ್ಲದ ಹೊತ್ತಿನಲ್ಲಿ ಉಂಡು, ಎದೆ ಹಿಡಿದುಕೊಂಡರೂ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯುವ ಆ ಮನುಷ್ಯನೇ ಇಡೀ ಅಂಗಡಿಯಲ್ಲಿ ರಕ್ಷಣೆಯಿಲ್ಲದವನು. ನಲವತ್ತರೊಳಗೆ ಒಂದು ಕುಟುಂಬ ಫ್ಲೋಟರ್, ಅಂದರೆ ಮನೆಯವರೆಲ್ಲರಿಗೂ ಸೇರಿ ಒಂದೇ ಮೊತ್ತದ ಪಾಲಿಸಿ, ಮಾಡಿಸಿ. ಸಕ್ಕರೆ, ಬಿಪಿ ಇದ್ದರೆ ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ. ಐದು ಲಕ್ಷದ ಮೂಲ ಪಾಲಿಸಿಯ ಮೇಲೆ, ಆ ಮೊತ್ತ ದಾಟಿದ ಖರ್ಚನ್ನು ಹೊರುವ ಸೂಪರ್ ಟಾಪ್‌ಅಪ್ ಪಾಲಿಸಿ ಹಾಕಿಕೊಂಡರೆ ಕಡಿಮೆ ಪ್ರೀಮಿಯಂನಲ್ಲಿ ದೊಡ್ಡ ಮೊತ್ತ ಸಿಗುತ್ತದೆ. ವಯಸ್ಸು 65 ದಾಟಿದವರಿಗೂ ಪಾಲಿಸಿ ಕೊಡಲು ಕಂಪನಿಗಳಿಗೆ ಈಗ ನಿಯಮದ ಅಡ್ಡಿಯಿಲ್ಲ, ಬೆಲೆ ಮಾತ್ರ ಏರಿರುತ್ತದೆ.

ರಿಯಾಯಿತಿ ಕಾರ್ಡು ವಿಮೆಯಲ್ಲ

ಮಣಿಪಾಲ ಆರೋಗ್ಯ ಕಾರ್ಡ್‌ನಂಥವು ನಮ್ಮಲ್ಲಿ ಮನೆಮಾತು. ವೈದ್ಯರ ಶುಲ್ಕ, ಲ್ಯಾಬ್, ಔಷಧಗಳಲ್ಲಿ ಸಿಗುವ ಕಡಿತ ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ, ಅದರಲ್ಲೂ ತಿಂಗಳು ತಿಂಗಳು ತಪಾಸಣೆಗೆ ಹೋಗುವವರಿಗೆ. ದೊಡ್ಡ ಬಿಲ್ಲನ್ನು ಮಾತ್ರ ಅದು ಕಟ್ಟುವುದಿಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘದಲ್ಲಿರುವ ಕೆಲಸಗಾರರು 2004ರಿಂದ ನಡೆಯುತ್ತಿರುವ ‘ಸಂಪೂರ್ಣ ಸುರಕ್ಷಾ’ದ ಈ ವರ್ಷದ ನಿಯಮಗಳನ್ನು ಸಂಘದ ಸೇವಾಪ್ರತಿನಿಧಿಯಿಂದ ಕೇಳಬಹುದು.

ಹಾಗಾದರೆ ಏನು ಆರಿಸುವುದು?

ಹತ್ತು ಅಥವಾ ಹೆಚ್ಚು ಜನರಿದ್ದರೆ ಇಎಸ್‌ಐ ಕಟ್ಟಿ, 21,000 ದಾಟಿದವರಿಗೆ ಗುಂಪು ಪಾಲಿಸಿ ಅಥವಾ ಅವರ ಕುಟುಂಬ ಪಾಲಿಸಿಯ ಪ್ರೀಮಿಯಂಗೆ ಸಹಾಯ, ನಿಮಗೊಂದು ಫ್ಲೋಟರ್. ಐದರಿಂದ ಒಂಬತ್ತು ಜನರಿದ್ದರೆ ಎಲ್ಲರನ್ನೂ ಕೂರಿಸಿ ಸ್ವಯಂಪ್ರೇರಿತ ಇಎಸ್‌ಐ ಬಗ್ಗೆ ಮಾತನಾಡಿ. ಒಪ್ಪಿಗೆ ಬಾರದಿದ್ದರೆ ಪರಿಹಾರ ಪಾಲಿಸಿ ಮತ್ತು ಗುಂಪು ಪಾಲಿಸಿ. ಇಬ್ಬರು ಮೂವರಷ್ಟೇ ಇದ್ದರೆ ಪರಿಹಾರ ಪಾಲಿಸಿ, 456 ರೂಪಾಯಿಯ ಜೋಡಿ, ಪ್ರತಿಯೊಬ್ಬರ ಆಯುಷ್ಮಾನ್ ಅಥವಾ ಯಶಸ್ವಿನಿ ಕಾರ್ಡು ಚಾಲ್ತಿಯಲ್ಲಿದೆಯೇ ಎಂಬ ಪರಿಶೀಲನೆ. ಇಎಸ್‌ಐ ಇಲ್ಲದ ಕಡೆ ಸಂಬಳದ ಪ್ರಶ್ನೆ ಮಾಲೀಕರ ಕೈಯಲ್ಲೇ ಉಳಿಯುತ್ತದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕಾಯಿಲೆಯಂಥ ಕಾರಣಗಳಿಗೆ ವರ್ಷಕ್ಕೆ 12 ದಿನದವರೆಗೆ ಸಂಬಳಸಹಿತ ರಜೆ ಕೊಟ್ಟಿದೆ. ಅದು ದಯೆಯಲ್ಲ, ಹಕ್ಕು. ಜ್ವರದಲ್ಲಿ ದೋಸೆ ಹುಯ್ಯುವವರನ್ನು ಮನೆಗೆ ಕಳಿಸುವುದು ಗಿರಾಕಿಗಳ ಆರೋಗ್ಯಕ್ಕೂ ಬೇಕು.

ಪೈಸೆ ಖರ್ಚಿಲ್ಲದ ಒಂದು ಕೆಲಸವಿದೆ. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ವಾರದ ರಜೆಯ ದಿನ ಕಳಿಸಬೇಡಿ. ಕೆಲಸದ ದಿನವೇ, ಸಂಬಳ ಹಿಡಿಯದೆ, ಇಬ್ಬಿಬ್ಬರನ್ನಾಗಿ ಕಳಿಸಿ, ನೀವೂ ಹೋಗಿ. ದಿನಾ ಮಾತ್ರೆ ಬೇಕೆಂದಾದರೆ ಜನೌಷಧಿ ಕೇಂದ್ರದಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ.

ಉಡುಪಿಯ ಪರ್ಯಾಯ ಉತ್ಸವ, ಡಿಸೆಂಬರ್ ರಜೆ, ಮದುವೆಯ ಕಾಲಕ್ಕೆಂದು ತಿಂಗಳ ಮಟ್ಟಿಗೆ ಸೇರಿಸಿಕೊಳ್ಳುವವರನ್ನು ಪಟ್ಟಿಯಿಂದ ಬಿಡಬೇಡಿ. ಇಎಸ್‌ಐ ಇದ್ದರೆ ಅವರ ಹೆಸರನ್ನು ಸೇರಿದ ದಿನವೇ ನೋಂದಾಯಿಸಬೇಕು. ಪರಿಹಾರ ಪಾಲಿಸಿಯಾದರೆ ಜನರ ಸಂಖ್ಯೆ ಮತ್ತು ಸಂಬಳದ ಮೊತ್ತ ಏರಿದ್ದನ್ನು ಕೆಲಸ ಆರಂಭವಾಗುವ ಮೊದಲೇ ಕಂಪನಿಗೆ ಬರೆದು ತಿಳಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿ, ತಿದ್ದುಪಡಿಯ ಪತ್ರವನ್ನು ಪಾಲಿಸಿಯ ಜೊತೆ ಲಗತ್ತಿಸಿಡಿ.